ಫ್ಲ್ಯಾಟ್‌ನೊಳಗೇ ಇರುವ ಬೆಕ್ಕಿಗೆ ಬೇಜಾರಾಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಎರಡು ವರ್ಷದ ಗಂಡು ಬೆಕ್ಕಿದೆ, ಆಪರೇಷನ್ ಮಾಡಿಸಿದ್ದೇವೆ. ಹೊರಗೆ ಬಿಡುವುದಿಲ್ಲ. ಹಗಲೆಲ್ಲ ಮಲಗಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಯೆಲ್ಲ ಓಡುತ್ತದೆ, ಕೂಗುತ್ತದೆ, ಹೊದಿಕೆಯೊಳಗಿನ ಕಾಲಿಗೆ ಕಚ್ಚುತ್ತದೆ. ಒಂದು ಚೀಲ ಆಟಿಕೆ ತಂದಿದ್ದೇವೆ. ಎರಡು ದಿನ ಆಡುತ್ತದೆ, ಆಮೇಲೆ ಮೂಸಿಯೂ ನೋಡುವುದಿಲ್ಲ. ಅದಕ್ಕೆ ಬೇಜಾರಾಗಿದೆಯಾ? ಹೊರಗೆ ಬಿಡದೆ ತಪ್ಪು ಮಾಡುತ್ತಿದ್ದೇವಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ನೀವು ತಪ್ಪು ಮಾಡುತ್ತಿಲ್ಲ. ರಸ್ತೆಯಲ್ಲಿ ವಾಹನಗಳಿವೆ, ಬೀದಿನಾಯಿಗಳ ಗುಂಪುಗಳಿವೆ, ಬೇರೆ ಬೆಕ್ಕುಗಳ ಜೊತೆ ಕಚ್ಚಾಡಿ ಅಂಟುವ ಕಾಯಿಲೆಗಳಿವೆ. ಮನೆಯೊಳಗಿದ್ದರೆ ಇವೆಲ್ಲ ತಪ್ಪುತ್ತವೆ. ಆದರೆ ಹೊರಗಿದ್ದಿದ್ದರೆ ನಿಮ್ಮ ಬೆಕ್ಕಿಗೆ ದಿನವಿಡೀ ಒಂದು ಕೆಲಸವಿರುತ್ತಿತ್ತು. ಆ ಕೆಲಸವನ್ನು ಮನೆಯೊಳಗೆ ನಾವೇ ಕೊಡಬೇಕು.

ಆ ಕೆಲಸ ಅಂದರೆ ಬೇಟೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. 4 ಕೆಜಿ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಒಂದು ಸಣ್ಣ ಇಲಿಯಿಂದ ಸಿಗುವುದು ಸುಮಾರು 30. ಅಂದರೆ ಹೊಟ್ಟೆ ತುಂಬಲು ಏಳೆಂಟು ಇಲಿ ಹಿಡಿಯಬೇಕು. ಹೊಂಚು ಹಾಕಿದ್ದೆಲ್ಲ ಸಿಗುವುದೂ ಇಲ್ಲ. ಹಾಗಾಗಿ ಕಾಯುವುದು, ನುಸುಳುವುದು, ನೆಗೆಯುವುದು ಇವನ್ನೆಲ್ಲ ದಿನಕ್ಕೆ ಹಲವು ಸಲ ಮಾಡಲು ಅದರ ಮೈ ತಯಾರಾಗಿಯೇ ಇರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಬಟ್ಟಲಲ್ಲಿ ಊಟ ಸಿಗುತ್ತದೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಅದು ಏನು ಮಾಡಬೇಕು ಹೇಳಿ?

ಹಗಲು ಮಲಗುವುದರ ಬಗ್ಗೆ ಚಿಂತೆ ಬೇಡ. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೆಕ್ಕಿಗೆ ಸಹಜ. ಅದು ಚುರುಕಾಗುವುದೇ ಮುಂಜಾವದಲ್ಲಿ ಮತ್ತು ಮುಸ್ಸಂಜೆಯಲ್ಲಿ. ನಾಲ್ಕು ಗಂಟೆಗೆ ನಿಮ್ಮ ಬೆಕ್ಕು ಹುಚ್ಚಾಟ ಆಡುತ್ತಿಲ್ಲ, ಕೆಲಸಕ್ಕೆ ಹೊರಟಿದೆ. ಆ ಹೊತ್ತಿಗೆ ಮನೆಯಲ್ಲಿ ಅಲುಗಾಡುವುದು ನಿಮ್ಮ ಕಾಲುಬೆರಳು ಮಾತ್ರ.

ಈಗ ಆಟಿಕೆಯ ವಿಷಯ. ಆಡಿ ಬಿಟ್ಟ ಆಟಿಕೆಯನ್ನು ಬೆಕ್ಕು ಯಾಕೆ ಮೂಸಿ ನೋಡುವುದಿಲ್ಲ ಅನ್ನುವುದಕ್ಕೆ ಒಳ್ಳೆಯ ಉತ್ತರವಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕುಗಳ ಆಟವನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಆಸಕ್ತಿ ಬೇಗ ಇಳಿಯುತ್ತದೆ. ಆ ಹೊತ್ತಿಗೆ ಬೇರೆ ಬಣ್ಣ, ಬೇರೆ ವಾಸನೆಯ ಆಟಿಕೆ ಕೊಟ್ಟರೆ ಮೊದಲಿಗಿಂತ ಜೋರಾಗಿ ಮೇಲೆ ಬೀಳುತ್ತದೆ. ಯೋಚಿಸಿದರೆ ಇದು ಸರಿಯೇ ಅಲ್ವಾ? ಕಚ್ಚಿದರೂ ಹರಿಯದ, ಸಾಯದ, ಬದಲಾಗದ ವಸ್ತು ಬೇಟೆಯೇ ಅಲ್ಲ ಎಂದು ಬೆಕ್ಕು ತೀರ್ಮಾನ ಮಾಡಿರುತ್ತದೆ. ನಿಮ್ಮ ಚೀಲದಿಂದ ಮೂರೇ ಆಟಿಕೆ ಹೊರಗಿಡಿ. ಉಳಿದವನ್ನು ಬೀರುವಿನಲ್ಲಿ ಮುಚ್ಚಿಡಿ. ವಾರಕ್ಕೊಮ್ಮೆ ಬದಲಿಸಿ. ಹೊಸದು ತರುವುದು ಬೇಡ.

ಆದರೆ ಬಿದ್ದಿರುವ ಆಟಿಕೆಗಿಂತ ನೂರು ಪಾಲು ಮೇಲು ಯಾವುದು ಗೊತ್ತಾ? ನೀವು ಅಲುಗಿಸುವ ಆಟಿಕೆ. ಕಸ ಗುಡಿಸುವಾಗ ನಿಮ್ಮ ಬೆಕ್ಕನ್ನು ನೋಡಿ. ಪೊರಕೆ ನೆಲಕ್ಕಂಟಿ ಸರ್ರನೆ ಸರಿಯುತ್ತದೆ, ಸೋಫಾ ಕೆಳಗೆ ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. ಇಲಿ ಓಡುವುದೂ ಹೀಗೆಯೇ. ಹಳೆಯ ಹುಲ್ಲಿನ ಪೊರಕೆಯ ನಾಲ್ಕು ಕಡ್ಡಿ ಸೇರಿಸಿ ಕಟ್ಟಿ, ತುದಿಗೆ ಒಂದು ಬಟ್ಟೆಯ ಚೂರು ಬಿಗಿಯಿರಿ. ಅಷ್ಟೇ ಸಾಕು. ತೆಂಗಿನ ಕಡ್ಡಿ ಮಾತ್ರ ಬೇಡ, ಅದರ ತುದಿ ಕಣ್ಣಿಗೆ ಚುಚ್ಚಬಹುದು.

ಅಲುಗಿಸುವುದರಲ್ಲೂ ಒಂದು ಕ್ರಮವಿದೆ. ಬಹಳ ಜನ ಆಟಿಕೆಯನ್ನು ಬೆಕ್ಕಿನ ಮುಖಕ್ಕೇ ಹಿಡಿದು ಆಡಿಸುತ್ತಾರೆ. ಯಾವ ಇಲಿಯೂ ಬೆಕ್ಕಿನ ಮೂತಿಗೆ ಬಂದು ಕುಣಿಯುವುದಿಲ್ಲ. ಬೆಕ್ಕಿನಿಂದ ದೂರಕ್ಕೆ ಎಳೆಯಿರಿ. ಕುರ್ಚಿ ಕಾಲಿನ ಹಿಂದೆ ನಿಲ್ಲಿಸಿ. ಸ್ವಲ್ಪ ನಡುಗಿಸಿ. ಬೆಕ್ಕು ಮೈ ತಗ್ಗಿಸಿ, ಹಿಂಗಾಲು ಅಲ್ಲಾಡಿಸುತ್ತ ಸುಮ್ನೆ ನೋಡುತ್ತಾ ಕುಳಿತರೆ ಆಡುತ್ತಿಲ್ಲ ಎಂದುಕೊಳ್ಳಬೇಡಿ. ಆಗಲೇ ಅದರ ತಲೆ ಜೋರಾಗಿ ಓಡುತ್ತಿರುತ್ತದೆ. ಕಾಯಿರಿ. ನೆಗೆದಾಗ ನಡುನಡುವೆ ಹಿಡಿಯಲು ಬಿಡಿ. ಹತ್ತು ನಿಮಿಷದ ಕೊನೆಯಲ್ಲಿ ಆಟಿಕೆಯನ್ನು ನಿಧಾನ ಮಾಡುತ್ತ ಬನ್ನಿ, ಸುಸ್ತಾದ ಪ್ರಾಣಿಯಂತೆ. ಕೊನೆಯ ಸಲ ಹಿಡಿದು ಕಚ್ಚಿಕೊಳ್ಳಲಿ. ತಕ್ಷಣ ಊಟ ಹಾಕಿ. ಹೊಟ್ಟೆ ಹಸಿದಾಗ ಬೆಕ್ಕು ಜೋರಾಗಿ ಆಡುತ್ತದೆ ಎನ್ನುವುದೂ ಸೌತಾಂಪ್ಟನ್‌ನವರು ಕಂಡುಕೊಂಡದ್ದೇ. ಆದ್ದರಿಂದ ಆಟ ಯಾವಾಗಲೂ ಊಟಕ್ಕೆ ಮುಂಚೆ. ಹಿಡಿದು, ತಿಂದು, ಮೈ ನೆಕ್ಕಿಕೊಂಡು ಅದು ತಾನಾಗಿ ಮಲಗುತ್ತದೆ. ಸಂಜೆ ಒಂದು ಸಲ, ನೀವು ಮಲಗುವ ಮುಂಚೆ ಒಂದು ಸಲ. ಇಷ್ಟು ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು.

ಇಷ್ಟು ಸಣ್ಣ ಆಟದಿಂದ ಏನಾಗುತ್ತದೆ ಅನ್ನಿಸಬಹುದು. ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ, ಹೊರಗೆ ಓಡಾಡುವ ಬೆಕ್ಕುಗಳ ಜೊತೆ ದಿನಕ್ಕೆ 5ರಿಂದ 10 ನಿಮಿಷ ಆಡಲು ಮನೆಯವರಿಗೆ ಹೇಳಿ ನೋಡಿದರು. ಆ ಬೆಕ್ಕುಗಳು ಮನೆಗೆ ತರುವ ಬೇಟೆ 25 ಪ್ರತಿಶತ ಕಡಿಮೆಯಾಯಿತು. ನೀವು ಬೀಸುವ ಬಟ್ಟೆ ಚೂರು ಅದರ ಬೇಟೆಯ ಆಸೆಯನ್ನು ನಿಜವಾಗಿಯೂ ತಣಿಸುತ್ತದೆ.

ಲೇಸರ್ ದೀಪ ನನಗಿಷ್ಟವಿಲ್ಲ. ಎಷ್ಟು ಓಡಿದರೂ ಬೆಳಕು ಕೈಗೆ ಸಿಗುವುದಿಲ್ಲ, ಕೆಲವು ಬೆಕ್ಕುಗಳು ಕೊನೆಗೆ ಗೋಡೆಯ ಮೇಲಿನ ನೆರಳನ್ನೆಲ್ಲ ಹುಡುಕುತ್ತ ಕೂರುತ್ತವೆ. ಬಳಸಲೇಬೇಕೆಂದರೆ ಕೊನೆಗೆ ಬೆಳಕನ್ನು ಒಂದು ತಿಂಡಿಯ ಮೇಲೆ ನಿಲ್ಲಿಸಿ. ಕೈಬೆರಳನ್ನೇ ಆಟಿಕೆ ಮಾಡುವುದಂತೂ ಬೇಡ. ಮರಿಯಾಗಿದ್ದಾಗ ಮುದ್ದಾಗಿ ಕಾಣುವ ಆ ಅಭ್ಯಾಸವೇ ಈಗ ನಿಮ್ಮ ಕಾಲಿಗೆ ಬಂದಿರಬಹುದು.

ದಾರದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಮ್ಮ ಬೆಕ್ಕು ಒಮ್ಮೆ ದೇವರ ಪಟದಿಂದ ತೆಗೆದಿಟ್ಟ ಒಣಗಿದ ಮಲ್ಲಿಗೆಯ ಮಾಲೆಯ ದಾರ ನುಂಗಿತ್ತು. ಎರಡು ದಿನ ವಾಂತಿ, ಆಮೇಲೆ ಆಪರೇಷನ್. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗಿಯುವುದು ಅದಕ್ಕೆ ಕಷ್ಟ. ದಾರ ಕರುಳಲ್ಲಿ ಸಿಕ್ಕಿಕೊಂಡರೆ ಕರುಳನ್ನು ನೆರಿಗೆಯಂತೆ ಸುಕ್ಕುಗಟ್ಟಿಸಿ ಕೊಯ್ದುಬಿಡಬಹುದು. ಹೂವಿನ ದಾರ, ಉಲ್ಲನ್, ರಬ್ಬರ್ ಬ್ಯಾಂಡ್, ಆಟದ ಕೋಲು ಎಲ್ಲವೂ ಆಟ ಮುಗಿದ ಮೇಲೆ ಬಾಗಿಲು ಹಾಕಿದ ಕಪಾಟಿನೊಳಗೆ ಹೋಗಬೇಕು. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕುತ್ತಿದ್ದರೆ ಎಳೆಯಬೇಡಿ. ನೇರ ಡಾಕ್ಟರ ಹತ್ತಿರ ಹೋಗಿ.

ಊಟವನ್ನೂ ಕೆಲಸವಾಗಿಸಬಹುದು. ಕಾಗದದ ಮೊಟ್ಟೆ ಟ್ರೇ ತೆಗೆದುಕೊಂಡು ಗುಳಿಗಳಲ್ಲಿ ಒಣ ಆಹಾರದ ಕಾಳು ಹಾಕಿ. ಕೈ ಹಾಕಿ ಕೆದಕಿ ತೆಗೆಯಲಿ. ಒಂದು ಎಚ್ಚರಿಕೆ: ನಾಯಿ, ಕೋಳಿ, ಇಲಿಗಳಂತೆ ಬೆಕ್ಕು ದುಡಿದು ತಿನ್ನಲು ಉತ್ಸಾಹ ತೋರುವುದಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 17 ಬೆಕ್ಕುಗಳಿಗೆ ಕೆದಕಿ ತೆಗೆಯುವ ಊಟ, ಸುಮ್ಮನೆ ತಟ್ಟೆಯಲ್ಲಿಟ್ಟ ಊಟ ಎರಡನ್ನೂ ಕೊಟ್ಟಾಗ ಅವು ಹೆಚ್ಚಾಗಿ ತಟ್ಟೆಯಲ್ಲಿದ್ದದ್ದನ್ನೇ ತಿಂದವು. ಹಾಗಾಗಿ ಸುಲಭದಿಂದ ಶುರು ಮಾಡಿ. ಆಗಲೇ ಇಲ್ಲವೆಂದರೆ ಬಟ್ಟಲನ್ನು ದಿನಕ್ಕೊಂದು ಕಡೆ ಇಡಿ, ಹುಡುಕಲಿ.

ಫ್ಲ್ಯಾಟ್ ಚಿಕ್ಕದಾದರೂ ಎತ್ತರ ಇದ್ದೇ ಇದೆ. ಮೇಲಿನಿಂದ ಎಲ್ಲರನ್ನೂ ನೋಡುವ ಜಾಗ ಬೆಕ್ಕಿಗೆ ಧೈರ್ಯ ಕೊಡುತ್ತದೆ. ಸಜ್ಜದ ಒಂದು ಮೂಲೆ ಖಾಲಿ ಮಾಡಿ, ಬೀರುವಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಹತ್ತಲು ನಡುವೆ ಒಂದು ಸ್ಟೂಲ್ ಇಡಿ. ಪಾರಿವಾಳ, ಅಳಿಲು ಕಾಣುವ ಕಿಟಕಿಯ ಪಕ್ಕ ಕೂರುವ ಜಾಗವಿದ್ದರೆ ಇನ್ನೂ ಒಳ್ಳೆಯದು. ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಸಾಲದು, ಬೆಕ್ಕು ಅದನ್ನು ಕಡಿದು ಹಾಕಬಹುದು. ಕಬ್ಬಿಣದ ಜಾಲರಿ ಹಾಕಿಸಿ. ಪರಚಲು ಸುಮಾರು ಮೂರಡಿ ಎತ್ತರದ, ಅಲ್ಲಾಡದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನೋ ಗೋಣಿಯನ್ನೋ ಬಿಗಿಯಾಗಿ ಸುತ್ತಿದರಾಯಿತು. ಮೈ ಪೂರ್ತಿ ಚಾಚಿ ಎಳೆಯುವಂತಿರಬೇಕು, ಅದೇ ಮುಖ್ಯ. ಕೊರಿಯರ್ ಬಂದ ರಟ್ಟಿನ ಡಬ್ಬಿ ಬಿಸಾಡಬೇಡಿ. ನೆದರ್ಲೆಂಡ್ಸ್‌ನಲ್ಲಿ ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಡಬ್ಬಿ ಕೊಟ್ಟಾಗ, ಡಬ್ಬಿ ಸಿಕ್ಕವು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು.

ನಮ್ಮ ಬೇಲಿ ಬದಿಯ ಕುಪ್ಪಿ ಗಿಡ ನೋಡಿದ್ದೀರಾ? ಅದರ ಬೇರಿನ ವಾಸನೆಗೆ ಬೆಕ್ಕುಗಳು ಮೈಮರೆತು ಹೊರಳಾಡುತ್ತವೆ. ಹಳ್ಳಿಯವರಿಗೆ ಇದು ಗೊತ್ತು. ಆದರೆ ಗಿಡದಲ್ಲಿ ವಿಷದ ಅಂಶವಿರುವುದರಿಂದ ತಿನ್ನಲು ಬಿಡಬೇಡಿ. ಮೇಯಲು ಕುಂಡದಲ್ಲಿ ಬೆಳೆದ ಗೋಧಿ ಹುಲ್ಲು ಕೊಡಿ. ಲಿಲ್ಲಿ ಹೂವು ಮಾತ್ರ ಮನೆಯೊಳಗೇ ತರಬೇಡಿ, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹಾಳಾಗುತ್ತದೆ.

ಬೇಜಾರು ಬರೀ ಬೇಜಾರಾಗಿ ಉಳಿಯುವುದಿಲ್ಲ ಎನ್ನುವುದೂ ನಿಮಗೆ ಗೊತ್ತಿರಲಿ. ಒತ್ತಡದಲ್ಲಿರುವ ಒಳಾಂಗಣ ಬೆಕ್ಕುಗಳಿಗೆ ಮೂತ್ರಕೋಶ ಉರಿಯುವ ಕಾಯಿಲೆ ಬರಬಹುದು. ಅಮೆರಿಕದ ಒಹಾಯೊದಲ್ಲಿ ಪಶುವೈದ್ಯರು ಇಂತಹ ಬೆಕ್ಕುಗಳ ಮನೆಯ ವಾತಾವರಣವನ್ನೇ ಬದಲಿಸಿ ಒಳ್ಳೆಯ ಫಲ ಕಂಡಿದ್ದಾರೆ. ನಿಮ್ಮದು ಗಂಡು ಬೆಕ್ಕು. ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟ ಟ್ರೇಗೆ ಪದೇ ಪದೇ ಹೋಗಿ ತಿಣುಕುತ್ತಿದ್ದು, ಮೂತ್ರ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಜೀವಕ್ಕೇ ಅಪಾಯ.

ಇನ್ನು ನಾಲ್ಕು ಗಂಟೆಯ ವಿಷಯ. ಅದು ಕೂಗಿದಾಗ ನೀವು ಒಮ್ಮೆ ಎದ್ದು ಊಟ ಹಾಕಿದ್ದರೂ ಸಾಕು, ಕೂಗಿದರೆ ಊಟ ಬರುತ್ತದೆ ಎಂದು ಅದು ಕಲಿತಿರುತ್ತದೆ. ಬೈಯುವುದು, ಕಾಲು ಒದರುವುದು ಕೂಡ ಅದಕ್ಕೆ ಆಟವೇ. ಮಲಗಿದ್ದಲ್ಲೇ ಇರಿ. ಮೊದಲ ಕೆಲವು ದಿನ ಕೂಗು ಜಾಸ್ತಿಯೇ ಆಗುತ್ತದೆ. ಆಗ ಸೋತು ಎದ್ದರೆ, ಇನ್ನೂ ಜೋರಾಗಿ ಕೂಗಬೇಕು ಎಂದು ಕಲಿಯುತ್ತದೆ. ಇವತ್ತು ರಾತ್ರಿ ಆಟ ಆಡಿಸಿ ಊಟ ಹಾಕುವಾಗ ದಿನದ ಪಾಲಿನಲ್ಲಿ ಒಂದು ಹಿಡಿ ಉಳಿಸಿಕೊಳ್ಳಿ. ದೀಪ ಆರಿಸುವ ಮುಂಚೆ ಅದನ್ನು ಮೊಟ್ಟೆ ಟ್ರೇಯಲ್ಲಿ ಹಾಕಿ, ಮಲಗುವ ಕೋಣೆಯಿಂದ ದೂರ, ಹಾಲ್‌ನ ಮೂಲೆಯಲ್ಲಿ ಇಟ್ಟು ಬನ್ನಿ.