ಊರಿನ ಸಿಮ್ ಫೋನಿನಲ್ಲೇ ಇರಲಿ

ಗಲ್ಫ್‌ಗೋ ಅಮೆರಿಕಕ್ಕೋ ಹೊರಟವರು ನಮ್ಮ ಮಂಗಳೂರಿನ ಸಿಮ್ ಕೌಂಟರ್‌ಗೆ ಬರುವುದು ಹೆಚ್ಚಾಗಿ ವಿಮಾನದ ಹಿಂದಿನ ದಿನ ಸಂಜೆ. ಹಪ್ಪಳ, ಉಪ್ಪಿನಕಾಯಿ ಎಲ್ಲ ತುಂಬಿಸಿ ಸೂಟ್‌ಕೇಸ್ ತೂಕ ಮಾಡಿದ ಮೇಲೆ ಫೋನಿನ ನೆನಪಾಗುತ್ತದೆ. ಒಂದು ವಾರ ಮೊದಲೇ ಬನ್ನಿ ಅಂತ ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ. ಇನ್ನೊಂದು ಮಾತನ್ನೂ ಹೇಳುತ್ತೇನೆ: ಅಲ್ಲಿ ಯಾವ ಸಿಮ್ ತಗೊಂಡರೂ ಸರಿ, ಊರಿನ ಸಿಮ್ ತೆಗೆದು ಪರ್ಸ್‌ನಲ್ಲಿ ಇಡಬೇಡಿ.

2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದಾಗ ಹಾಗೆ ಮಾಡಿದರೆ ಏನೂ ನಷ್ಟ ಇರಲಿಲ್ಲ. ಆಗ ಫೋನ್ ನಂಬರ್ ಇದ್ದದ್ದು ಮಾತಾಡಲಿಕ್ಕೆ ಮಾತ್ರ. ಈಗ ಬ್ಯಾಂಕ್, ಯುಪಿಐ, ಆಧಾರ್, ಆದಾಯ ತೆರಿಗೆ ಎಲ್ಲದರ ಒಟಿಪಿ ಅದೇ ನಂಬರ್‌ಗೆ ಬರುತ್ತದೆ. ಅಬುಧಾಬಿಯಲ್ಲಿ ಕೂತು ಊರಿನ ಸೊಸೈಟಿ ಸಾಲದ ಕಂತು ಕಟ್ಟಬೇಕು ಅಂದರೆ ಆ ಸಿಮ್ ಜೀವಂತ ಇರಬೇಕು.

ಇಲ್ಲಿ ಹೆಚ್ಚಿನವರು ಗೊಂದಲ ಮಾಡಿಕೊಳ್ಳುವುದು ಎರಡು ವಿಷಯಗಳನ್ನು ಒಂದೇ ಅಂದುಕೊಂಡು. ರೋಮಿಂಗ್ ಬೇರೆ, ಡೇಟಾ ರೋಮಿಂಗ್ ಬೇರೆ. ಊರಿನ ಸಿಮ್ ಹೊರದೇಶದ ನೆಟ್‌ವರ್ಕ್‌ನಲ್ಲಿ ನಡೆಯುವುದು ರೋಮಿಂಗ್, ಹಾಗೆ ಅದರ ಇಂಟರ್‌ನೆಟ್ ಓಡಿಸುವುದು ಡೇಟಾ ರೋಮಿಂಗ್. ನೀವು ದುಬೈಯಲ್ಲಿ ಇಳಿದು ಫೋನ್ ಆನ್ ಮಾಡಿದಾಗ ಅದು ಅಲ್ಲಿನ ಒಂದು ಟವರ್ ಹಿಡಿಯುತ್ತದೆ. ಪ್ರತಿ ಸಿಮ್ ಒಳಗೂ ಒಂದು ಗುರುತಿನ ಸಂಖ್ಯೆ ಉಂಟು. ಭಾರತದ್ದಾದರೆ ಅದು 404 ಅಥವಾ 405ರಿಂದ ಶುರುವಾಗುತ್ತದೆ. ಅದನ್ನು ನೋಡಿ ಅಲ್ಲಿನ ಕಂಪನಿ ನಿಮ್ಮ ಕಂಪನಿಯನ್ನು ಕೇಳುತ್ತದೆ: ಇವರು ನಿಮ್ಮವರಾ, ಇವರಿಗೆ ರೋಮಿಂಗ್ ಉಂಟಾ? ಹೌದು ಅಂತ ಉತ್ತರ ಬಂದರೆ ನಿಮ್ಮ ಸಿಮ್ ಅಲ್ಲಿ ದಾಖಲಾಗುತ್ತದೆ. ಆಮೇಲೆ ಬ್ಯಾಂಕ್ ಕಳಿಸಿದ ಎಸ್‌ಎಂಎಸ್ ನೇರ ಅಲ್ಲಿಗೇ ಬರುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಡ. ಬರುವ ಎಸ್‌ಎಂಎಸ್‌ಗೆ ನಮ್ಮ ದೊಡ್ಡ ಕಂಪನಿಗಳು ದುಡ್ಡು ಹಿಡಿಯುವುದೂ ಇಲ್ಲ. ದುಡ್ಡು ಹೋಗುವುದು ಕರೆ ಎತ್ತಿದರೆ, ಕರೆ ಮಾಡಿದರೆ, ಎಸ್‌ಎಂಎಸ್ ಕಳಿಸಿದರೆ, ಮತ್ತೆ ಊರಿನ ಸಿಮ್‌ನ ಡೇಟಾ ಓಡಿದರೆ.

ಹಾಗಾಗಿ ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಇಡಿ. ಪ್ರಿಪೇಯ್ಡ್ ಆದರೆ ರೋಮಿಂಗ್ ಸಿಗಲು ಒಂದು ಪ್ಯಾಕ್ ಹಾಕಿಸಬೇಕಾಗಬಹುದು. ನಿಮ್ಮ ಕಂಪನಿಯ ನಿಯಮ ಕೇಳಿಕೊಳ್ಳಿ. ಬಿಎಸ್‌ಎನ್‌ಎಲ್‌ನವರು ಹೋಗುವ ದೇಶದ ಹೆಸರು ಹೇಳಿ ಅವರ ಕಚೇರಿಯಲ್ಲೇ ವಿಚಾರಿಸುವುದು ಒಳ್ಳೆಯದು. ಮನೆಯವರಿಗೆ ಈ ನಂಬರ್‌ಗೆ ಕರೆ ಮಾಡಬೇಡಿ, ವಾಟ್ಸಾಪ್‌ನಲ್ಲಿ ಮಾತಾಡಿ ಅಂತ ಹೇಳಿ ಹೋಗಿ.

ಈಗ ಡೇಟಾ. ನಾಲ್ಕೈದು ದಿನದ ಪ್ರವಾಸವಾದರೆ ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್ ಸಾಕು, ತಲೆಬಿಸಿ ಕಡಿಮೆ. ಆದರೆ ಪ್ಯಾಕ್ ಯಾವ ನೆಟ್‌ವರ್ಕ್‌ನಲ್ಲಿ ನಡೆಯುತ್ತದೆ ಅಂತ ನೋಡಿಕೊಳ್ಳಿ. ಫೋನ್ ತಾನಾಗಿ ಬೇರೆ ನೆಟ್‌ವರ್ಕ್ ಹಿಡಿದರೆ ನೀವೇ ಸರಿಯಾದದ್ದನ್ನು ಆರಿಸಬೇಕು. ಅದಕ್ಕಿಂತ ಜಾಸ್ತಿ ದಿನ ಇರುವುದಾದರೆ ಅಲ್ಲಿನ ಸಿಮ್ ಅಥವಾ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನ ಒಳಗೇ ದಾಖಲಾಗುವ ಸಿಮ್) ತಗೊಳ್ಳಿ, ಡೇಟಾಕ್ಕೆ ಅದನ್ನೇ ಆರಿಸಿ. ಹೊಸ ಸಿಮ್ ಹಾಕಿದಾಗ ನಂಬರ್ ಬದಲಾಯಿಸಬೇಕಾ ಅಂತ ವಾಟ್ಸಾಪ್ ಕೇಳಿದರೆ ಬೇಡ ಅನ್ನಿ. ಹಳೆಯ ನಂಬರ್‌ನ ವಾಟ್ಸಾಪ್ ಹೊಸ ಸಿಮ್‌ನ ಡೇಟಾದಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ನಿಮ್ಮ ಫೋನಿನಲ್ಲಿ ಇ-ಸಿಮ್ ಸೌಲಭ್ಯ ಇದೆಯಾ ಅಂತ ತಿಳಿಯಲು *#06# ಒತ್ತಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ ಉದ್ದದ ಸಂಖ್ಯೆ ಬಂದರೆ ಇದೆ. ಅಮೆರಿಕದಿಂದ ಮಗ ಕಳಿಸಿದ ಐಫೋನ್ 14 ಅಥವಾ ಅದಕ್ಕಿಂತ ಹೊಸದಾದರೆ ಅದರಲ್ಲಿ ಸಿಮ್ ಹಾಕುವ ಜಾಗವೇ ಇರುವುದಿಲ್ಲ. ಆಗ ಊರಿನ ನಂಬರನ್ನೇ ಇ-ಸಿಮ್ ಮಾಡಿಸಬೇಕು. ಒಂದು ವಾರ ಮೊದಲು ಬನ್ನಿ ಅನ್ನುವುದು ಇದಕ್ಕೇ. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ನಿಲ್ಲಿಸಬೇಕು ಅಂತ ದೂರಸಂಪರ್ಕ ಇಲಾಖೆಯ ನಿಯಮ ಉಂಟು. ಕಳ್ಳರು ನಮ್ಮ ಹೆಸರಲ್ಲಿ ನಕಲಿ ಸಿಮ್ ತೆಗೆದು ಬ್ಯಾಂಕ್ ಖಾಲಿ ಮಾಡುವುದನ್ನು ತಡೆಯಲು ಬಂದ ನಿಯಮ ಅದು, ಬೇಕಾದದ್ದೇ. ಆದರೆ ಹೊರಡುವ ದಿನ ಇ-ಸಿಮ್ ಮಾಡಿಸಿದರೆ ಆ ಇಡೀ ದಿನ ಒಟಿಪಿ ಇಲ್ಲ. ಅಲ್ಲಿ ಹೋದ ಮೇಲೆ ಹೊಸ ಫೋನ್‌ಗೆ ಯುಪಿಐ ಆ್ಯಪ್ ಹಾಕುವುದೂ ಕಷ್ಟ. ಆ್ಯಪ್ ನಂಬರ್ ಗುರುತಿಸುವುದು ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ. ಆ ಕೆಲಸ ಊರಲ್ಲೇ ಮುಗಿಸಿ.

ಗಲ್ಫ್‌ನಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಸೌದಿಯಲ್ಲಿ ಬೆರಳಚ್ಚೂ ಕೊಡಬೇಕು. ಉಮ್ರಾ ಯಾತ್ರೆಗೆ ಹೋಗುವ ವಯಸ್ಸಾದವರ ಬೆರಳು ಸವೆದು ಯಂತ್ರ ಹಿಡಿಯದೆ ಸತಾಯಿಸುವುದುಂಟು. ಅಂಥವರ ಜೊತೆ ಮನೆಯ ಕಿರಿಯರೊಬ್ಬರು ಕೌಂಟರ್‌ಗೆ ಹೋಗಲಿ. ಭಾರತದಲ್ಲೇ ಕೂತು ವಿದೇಶಿ ಸಿಮ್ ಕೊಳ್ಳುವುದಾದರೆ ಮಾರುವವರಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಇದೆಯಾ ನೋಡಿ. ಅನುಮತಿ ಇಲ್ಲದ ಕಾರಣಕ್ಕೆ 2024ರ ಜನವರಿಯಲ್ಲಿ ವಿದೇಶಿ ಇ-ಸಿಮ್ ಮಾರುವ ಏರಾಲೋ, ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆಸಿದ್ದರು.

ಯುಎಇಗೆ ಮೊದಲ ಸಲ ಹೋದವರು ಗಾಬರಿ ಬೀಳುವುದು ವಾಟ್ಸಾಪ್ ಕರೆ ಹೋಗದಿದ್ದಾಗ. ಫೋನ್ ಹಾಳಾಗಿಲ್ಲ. ಅಲ್ಲಿ ವಾಟ್ಸಾಪ್‌ನ ಧ್ವನಿ ಮತ್ತು ವಿಡಿಯೊ ಕರೆಗೆ ಅನುಮತಿಯೇ ಇಲ್ಲ. ಮೆಸೇಜ್, ಫೋಟೊ, ವಾಯ್ಸ್ ನೋಟ್ ಹೋಗುತ್ತದೆ. ಕರೆಗೆ ಬೋಟಿಮ್‌ನಂಥ ಒಪ್ಪಿಗೆ ಇರುವ ಆ್ಯಪ್ ಬೇಕು, ಮತ್ತೆ ಅದು ಎರಡೂ ಕಡೆ ಇರಬೇಕು. ಕುಂದಾಪುರದ ಅಮ್ಮನ ಫೋನಿಗೆ ನೀವೇ ಹಾಕಿ, ಹೇಗೆ ಎತ್ತುವುದು ಅಂತ ತೋರಿಸಿಕೊಟ್ಟು ಹೋಗಿ. ನೀವು ಹೋದ ಮೇಲೆ ಅದನ್ನು ಅವರಿಗೆ ಯಾರು ಕಲಿಸುತ್ತಾರೆ, ಅಲ್ವಾ? ಈ ತಡೆ ದಾಟಲು ವಿಪಿಎನ್ ಆ್ಯಪ್ ಹಾಕು ಅಂತ ರೂಮಿನವರು ಹೇಳಿದರೆ ಕೇಳಬೇಡಿ. ಅದನ್ನು ತಪ್ಪು ಕೆಲಸಕ್ಕೆ ಬಳಸಿದರೆ ಅಲ್ಲಿ 5 ಲಕ್ಷ ದಿರ್ಹಮ್‌ನಿಂದ ಮೇಲೆ ದಂಡ ಇದೆ.

ವಿಮಾನದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ಕೆಲವು ವಿಮಾನಗಳ ಒಳಗೇ ಸ್ಯಾಟಲೈಟ್ ಮೂಲಕ ನಡೆಯುವ ಏರೋಮೊಬೈಲ್‌ನಂಥ ನೆಟ್‌ವರ್ಕ್ ಇರುತ್ತದೆ, ಫೋನ್ ಅದನ್ನು ಹಿಡಿದುಬಿಡುತ್ತದೆ. ಹಡಗಿನಲ್ಲೂ ಹಾಗೆಯೇ. ನಮ್ಮೂರಿನ ಹುಡುಗರು ಮರ್ಚೆಂಟ್ ನೇವಿಯಲ್ಲಿ ತುಂಬ ಜನ ಇದ್ದಾರೆ, ಅವರಿಗೆ ಇದು ಗೊತ್ತು. ಕ್ರೂಸ್‌ಗೆ ಹೋಗುವ ಅವರ ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ. ದೇಶದ ಹೆಸರಿನಲ್ಲಿ ಹಾಕಿಸಿದ ಸಾಮಾನ್ಯ ಪ್ಯಾಕ್ ಸ್ಯಾಟಲೈಟ್ ನೆಟ್‌ವರ್ಕ್‌ಗೆ ಅನ್ವಯಿಸುವುದಿಲ್ಲ, ದರವೂ ವಿಪರೀತ.

ನನಗೆ ಹೆಚ್ಚು ಚಿಂತೆ ಆಗುವುದು ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಹೋಗುವ ಅಮ್ಮಂದಿರದ್ದು. ಕೆಲವರ ಕೈಯಲ್ಲಿ ಇನ್ನೂ 2ಜಿಯ ಬಟನ್ ಫೋನ್. ಸಿಂಗಾಪುರದಲ್ಲಿ 2017ರಲ್ಲೇ 2ಜಿ ನಿಂತಿದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ, ಆಸ್ಟ್ರೇಲಿಯಾದವರು 2024ರಲ್ಲಿ 3ಜಿಯನ್ನೂ ಮುಚ್ಚಿದ್ದಾರೆ. ಆ ಫೋನ್ ಅಲ್ಲಿ ಒಟಿಪಿ ತರುವುದಿಲ್ಲ. 4ಜಿ ಫೋನ್ ಕೊಡಿಸಿ, ಇಲ್ಲೇ ಸ್ವಲ್ಪ ದಿನ ಬಳಸಿ ರೂಢಿಯಾಗಲಿ.

ಇನ್ನು ರೀಚಾರ್ಜ್. ಅಮ್ಮ ಅಲ್ಲಿರುವಾಗ ಇಲ್ಲಿ ಪ್ಯಾಕ್ ಮುಗಿದಿದ್ದು ಯಾರಿಗೂ ನೆನಪಿರುವುದಿಲ್ಲ. ಮೊದಲು ಕರೆ ನಿಲ್ಲುತ್ತದೆ, ಆಮೇಲೆ ನಂಬರ್ ಹೋಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದ ಪ್ರಕಾರ 90 ದಿನ ಬಳಸದೆ ಇದ್ದು, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಪ್ರಿಪೇಯ್ಡ್ ನಂಬರನ್ನು ಕಡಿಯಬಹುದು. ಕಡಿದ ನಂಬರ್ ಮುಂದೆ ಇನ್ಯಾರಿಗೋ ಹೋಗುತ್ತದೆ, ಬ್ಯಾಂಕಿನ ಮೆಸೇಜ್‌ಗಳೂ ಅವರಿಗೇ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿದ ಮೇಲೆ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳು ಬಂದಿವೆ. ಅವುಗಳ ಅವಧಿ 365 ದಿನದವರೆಗೂ ಇರಬಹುದು. ವಿದೇಶದಲ್ಲಿ ಇರುವವರ ಊರಿನ ಸಿಮ್‌ಗೆ ಇದಕ್ಕಿಂತ ಸರಿಯಾದ ಪ್ಯಾಕ್ ಇಲ್ಲ, ಸುಮ್ನೆ ಡೇಟಾಕ್ಕೆ ದುಡ್ಡು ಯಾಕೆ?

ವರ್ಷಗಟ್ಟಲೆ ಅಲ್ಲೇ ಕೆಲಸದಲ್ಲಿ ಇರುವವರಿಗೆ ಇನ್ನೊಂದು ದಾರಿ ಉಂಟು. ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಇ, ಎನ್‌ಆರ್‌ಒ ಬ್ಯಾಂಕ್ ಖಾತೆ ಇದ್ದರೆ ವಿದೇಶದ ನಂಬರ್‌ನಲ್ಲೇ ಯುಪಿಐ ನಡೆಸಲು 2023ರಲ್ಲಿ ಅವಕಾಶ ಕೊಟ್ಟರು. ಮೊದಲ 10 ದೇಶಗಳಲ್ಲಿ ಯುಎಇ, ಸೌದಿ, ಕತಾರ್, ಒಮಾನ್ ಇದ್ದವು. ಕುವೈತ್, ಬಹರೈನ್ ಆ ಪಟ್ಟಿಯಲ್ಲಿ ಇರಲಿಲ್ಲ. ನಿಮ್ಮ ಬ್ಯಾಂಕ್ ಈ ಸೌಲಭ್ಯ ಕೊಡುತ್ತದೆಯಾ ಅಂತ ರಜೆಯಲ್ಲಿ ಊರಿಗೆ ಬಂದಾಗಲೇ ಶಾಖೆಗೆ ಹೋಗಿ ಕೇಳಿ. ನಂಬರ್ ಬದಲಾಯಿಸುವ ಅರ್ಜಿಗೂ ಹಳೆಯ ನಂಬರ್‌ಗೆ ಒಟಿಪಿ ಬರಬಹುದು, ಅದು ನಿಮ್ಮ ಕೈಯಲ್ಲಿರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ.