ಬೋರ್ನ್‌ವಿಲ್: ಫ್ಯಾಕ್ಟರಿ ಪಕ್ಕ ಹುಟ್ಟಿದ ಬಡಾವಣೆ

ಬೋರ್ನ್‌ವಿಲ್ ಅಂದರೆ ನಮಗೆ ನೆನಪಾಗುವುದು ಕಪ್ಪು ಚಾಕೊಲೇಟ್, ಅಲ್ವಾ? ಆದರೆ ಅದು ಒಂದು ಬಡಾವಣೆಯ ಹೆಸರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪೇಟೆಯಿಂದ ದಕ್ಷಿಣಕ್ಕೆ ಸುಮಾರು 4 ಮೈಲಿ. ನಗರ ಯೋಜನೆ ಓದುವವರಿಗೆ ಇದು ಬೇಕೇ ಬೇಕಾದ ಪಾಠ.

ಮೊದಲು ಬಂದದ್ದು ಮನೆಗಳಲ್ಲ, ಫ್ಯಾಕ್ಟರಿ. ರಿಚರ್ಡ್ ಮತ್ತು ಜಾರ್ಜ್ ಕ್ಯಾಡ್‌ಬರಿ ಅಣ್ಣತಮ್ಮಂದಿರು. ಪೇಟೆಯೊಳಗಿನ ಅವರ ಫ್ಯಾಕ್ಟರಿಯಲ್ಲಿ ಜಾಗ ಸಾಲುತ್ತಿರಲಿಲ್ಲ. 1879ರಲ್ಲಿ ಅದನ್ನು ಹೊಲಗಳ ನಡುವಿನ ಬಯಲಿಗೆ ಸಾಗಿಸಿದರು. ಸರಕು ಸಾಗಿಸಲು ಅಲ್ಲಿ ಕಾಲುವೆಯೂ ಇತ್ತು, ರೈಲೂ ಇತ್ತು. ಪಕ್ಕದಲ್ಲಿ ಹರಿಯುತ್ತಿದ್ದ ಹಳ್ಳದ ಹೆಸರು ಬೋರ್ನ್. ಆಗ ಫ್ರಾನ್ಸಿನ ಚಾಕೊಲೇಟ್‌ಗೆ ಒಳ್ಳೆಯ ಹೆಸರಿತ್ತು. ಹಾಗಾಗಿ ಹಳ್ಳದ ಹೆಸರಿಗೆ ‘ವಿಲ್’ ಎಂಬ ಫ್ರೆಂಚ್ ಬಾಲ ಸೇರಿಸಿದರು.

ಬಡಾವಣೆ ಯಾಕೆ ಬೇಕಾಯಿತು ಎಂದು ತಿಳಿಯಲು ಆಗಿನ ಬರ್ಮಿಂಗ್‌ಹ್ಯಾಮ್ ಕೂಲಿಕಾರರ ಮನೆಗಳನ್ನು ನೋಡಬೇಕು. ನಮ್ಮ ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆನ್ನಿಗೆ ಬೆನ್ನು ಅಂಟಿದ ಮನೆಗಳು, ಹಿಂದೆ ಕಿಟಕಿ ಇಲ್ಲ, ಹಿತ್ತಿಲಿಲ್ಲ. ಹಲವು ಮನೆಗಳಿಗೆ ಸೇರಿ ಒಂದೇ ಅಂಗಳ, ಅಲ್ಲೇ ಕಕ್ಕಸು. ಜಾರ್ಜ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಭಾನುವಾರ ಕೂಲಿಕಾರರಿಗೆ ಓದು ಬರಹ ಕಲಿಸಲು ಹೋಗುತ್ತಿದ್ದರು. ಹಾಗಾಗಿ ಈ ಜನರ ಬದುಕನ್ನು ಅವರು ಹತ್ತಿರದಿಂದ ನೋಡಿದ್ದರು.

1893ರಲ್ಲಿ ಅವರು ಫ್ಯಾಕ್ಟರಿ ಪಕ್ಕದ 120 ಎಕರೆ ಕೊಂಡರು. 1895ರಲ್ಲಿ ಮನೆ ಕಟ್ಟುವ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ವಿಲಿಯಂ ಅಲೆಕ್ಸಾಂಡರ್ ಹಾರ್ವಿಗೆ ಆಗಿನ್ನೂ ಇಪ್ಪತ್ತರ ಆಚೀಚೆಯ ವಯಸ್ಸು. ನಿವೇಶನದ ಕಾಲು ಭಾಗಕ್ಕಿಂತ ಜಾಸ್ತಿ ಜಾಗದಲ್ಲಿ ಮನೆ ಏಳಬಾರದು ಎಂಬುದು ನಿಯಮ. ಉಳಿದದ್ದು ತೋಟ. ಅದರಲ್ಲಿ ಹಣ್ಣಿನ ಗಿಡ ನೆಟ್ಟು ಕೊಡುತ್ತಿದ್ದರು. ಈ ನಿಯಮ ನನಗೆ ತುಂಬಾ ಇಷ್ಟ. ಅಳತೆ ಒಂದೇ, ಆದರೆ ಗಾಳಿ, ಬೆಳಕು, ತರಕಾರಿ ಎಲ್ಲವೂ ಅದರಿಂದಲೇ ಬಂತು.

ಈಗ ಬಹಳ ಜನ ತಪ್ಪುವ ಜಾಗ. ಇದನ್ನು ‘ಕಂಪನಿ ಕಾಲೊನಿ’ ಎಂದು ಬರೆಯಬೇಡಿ. ಫ್ಯಾಕ್ಟರಿಯಲ್ಲಿ ದುಡಿಯದವರಿಗೂ ಮೊದಲಿನಿಂದಲೇ ಇಲ್ಲಿ ಮನೆ ಸಿಗುತ್ತಿತ್ತು. ಶುರುವಿನಲ್ಲಿ ಹಲವು ಮನೆಗಳನ್ನು 999 ವರ್ಷಗಳ ಗುತ್ತಿಗೆಗೆ ಕಡಿಮೆ ಬೆಲೆಯಲ್ಲಿ ಕೊಟ್ಟಿದ್ದರು. ಕೊಂಡವರಲ್ಲಿ ಕೆಲವರು ಅವನ್ನೇ ಲಾಭಕ್ಕೆ ಮಾರತೊಡಗಿದರು. ಹೀಗೇ ಬಿಟ್ಟರೆ ಬಡವರಿಗೆ ಏನೂ ಉಳಿಯುವುದಿಲ್ಲ ಎಂದು ಜಾರ್ಜ್‌ಗೆ ಅನಿಸಿತು. 1900ರಲ್ಲಿ 313 ಮನೆ, 330 ಎಕರೆ ಜಮೀನು ಎರಡನ್ನೂ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್‌ಗೆ ಬರೆದುಕೊಟ್ಟರು. ಟ್ರಸ್ಟ್ ಬೇರೆ, ಕಂಪನಿ ಬೇರೆ. ಬಾಡಿಗೆಯಲ್ಲಿ ಉಳಿದ ಹಣ ಜಾರ್ಜ್ ಮನೆಗೆ ಹೋಗುವಂತಿರಲಿಲ್ಲ, ಬಡಾವಣೆಯ ಕೆಲಸಕ್ಕೇ ಹೋಗಬೇಕಿತ್ತು.

ತೋಟ, ಬಯಲುಗಳ ನಡುವೆ ಹೊಸ ಊರು ಕಟ್ಟಬೇಕು ಎನ್ನುತ್ತಿದ್ದ ಉದ್ಯಾನ ನಗರ ಚಳವಳಿಯವರು 1901ರಲ್ಲಿ ತಮ್ಮ ಸಮ್ಮೇಳನವನ್ನು ಇಲ್ಲೇ ನಡೆಸಿದರು. ಎರಡು ವರ್ಷದಲ್ಲಿ ಅವರ ಮೊದಲ ಉದ್ಯಾನ ನಗರ ಲೆಚ್‌ವರ್ತ್ ಶುರುವಾಯಿತು. 1911ರಲ್ಲಿ ಬೋರ್ನ್‌ವಿಲ್ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಸೇರಿತು. ಟ್ರಸ್ಟ್ ಮಾತ್ರ ಇವತ್ತಿಗೂ ಅಲ್ಲಿನ ಮನೆಗಳನ್ನು ನೋಡಿಕೊಳ್ಳುತ್ತಿದೆ.