ಪ್ರಶಸ್ತಿ ಬಂದ ಶಾಲಾ ಮನೋವಿಜ್ಞಾನಿಯನ್ನೇ ಹುಡುಕಬೇಕೆ?

ಪ್ರಶ್ನೆ: ನಮ್ಮ ಮಗ ಅಮೆರಿಕದ ಸರ್ಕಾರಿ ಶಾಲೆಯೊಂದರಲ್ಲಿ ಮೂರನೇ ತರಗತಿ ಓದುತ್ತಿದ್ದಾನೆ. ಓದುವುದರಲ್ಲಿ ಹಿಂದುಳಿದಿದ್ದಾನೆ, ಸ್ಕೂಲ್ ಸೈಕಾಲಜಿಸ್ಟ್ ಅವರಿಂದ ಒಮ್ಮೆ ಪರೀಕ್ಷೆ ಮಾಡಿಸೋಣ ಎಂದು ಶಾಲೆಯವರು ಹೇಳಿದ್ದಾರೆ. ಈ ಕ್ಷೇತ್ರದಲ್ಲಿ ದೊಡ್ಡ ದೊಡ್ಡ ಪ್ರಶಸ್ತಿಗಳಿವೆಯಂತೆ. ಪ್ರಶಸ್ತಿ ಬಂದವರ ಹತ್ತಿರವೇ ತೋರಿಸಿದರೆ ಒಳ್ಳೆಯದಲ್ಲವೇ? ಅವರ ಪಟ್ಟಿ ಎಲ್ಲಿ ಸಿಗುತ್ತದೆ?

ಉತ್ತರ: ಊರು ಮತ್ತು ತರಗತಿ ಮಾತ್ರ ಬದಲಾಗಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಇದೇ ಉತ್ತರವನ್ನು ಬರೆಯುತ್ತಲೇ ಇರುತ್ತೇನೆ. ಈ ಸಲ ಸ್ವಲ್ಪ ವಿಸ್ತಾರವಾಗಿ ಬರೆದುಬಿಡುತ್ತೇನೆ, ಮುಂದೆ ಕೇಳುವವರಿಗೆ ಇದನ್ನೇ ತೋರಿಸಿದರಾಯಿತು. ಚುಟುಕಾಗಿ ಹೇಳುವುದಾದರೆ, ಹುಡುಕಬೇಡಿ. ಹುಡುಕಿದರೂ ಪ್ರಯೋಜನವಿಲ್ಲ, ಏಕೆಂದರೆ ಅಮೆರಿಕದ ಸರ್ಕಾರಿ ಶಾಲೆಯಲ್ಲಿ ನಿಮ್ಮ ಮಗುವನ್ನು ಯಾವ ಮನೋವಿಜ್ಞಾನಿ ನೋಡಬೇಕೆಂಬುದನ್ನು ತೀರ್ಮಾನಿಸುವುದು ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯೇ ಹೊರತು ನೀವಲ್ಲ.

ಮೊದಲು ಪ್ರಶಸ್ತಿಗಳ ವಿಷಯ. ಅಮೆರಿಕದಲ್ಲಿ ಶಾಲಾ ಮನೋವಿಜ್ಞಾನಕ್ಕೆ ಎರಡು ಮನೆಗಳಿವೆ. ಒಂದು, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ 16ನೇ ವಿಭಾಗ. ಇಲ್ಲಿ ಬಹುಪಾಲು ಪಿಎಚ್.ಡಿ. ಪಡೆದವರು, ವಿಶ್ವವಿದ್ಯಾಲಯಗಳಲ್ಲಿ ಕಲಿಸುವವರು, ಸಂಶೋಧನೆ ಮಾಡುವವರು ಇದ್ದಾರೆ. ಇನ್ನೊಂದು, 1969ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕೂಲ್ ಸೈಕಾಲಜಿಸ್ಟ್ಸ್, ಅಂದರೆ ಎಲ್ಲರೂ ಕರೆಯುವ ಹಾಗೆ ನ್ಯಾಸ್ಪ್. ಶಾಲೆಗಳಲ್ಲಿ ದಿನನಿತ್ಯ ಕೆಲಸ ಮಾಡುವವರದು ಈ ಮನೆ. ಇವರಲ್ಲಿ ಹೆಚ್ಚಿನವರಿಗೆ ಡಾಕ್ಟರೇಟ್ ಇರುವುದಿಲ್ಲ, ಸ್ನಾತಕೋತ್ತರ ಪದವಿಗೂ ಡಾಕ್ಟರೇಟಿಗೂ ನಡುವಿನ ಸ್ಪೆಷಲಿಸ್ಟ್ ಮಟ್ಟದ ಪದವಿ ಇರುತ್ತದೆ. ಮನೋವಿಜ್ಞಾನಿ ಎಂದು ಕರೆಸಿಕೊಳ್ಳಲು ಡಾಕ್ಟರೇಟ್ ಬೇಕೇ ಬೇಡವೇ ಎಂಬ ಹಳೆಯ ಜಗಳವೇ ಎರಡು ಮನೆಗಳ ನಡುವಿನ ಗೋಡೆ. ಪ್ರಶಸ್ತಿಗಳೂ ಆ ಗೋಡೆಯ ಆಚೆ ಈಚೆ ಹಂಚಿಹೋಗಿವೆ.

16ನೇ ವಿಭಾಗ ಕೊಡುವವುಗಳಲ್ಲಿ ಹೆಸರಾದದ್ದು ಲೈಟ್ನರ್ ವಿಟ್ಮರ್ ಪ್ರಶಸ್ತಿ. ಇದು ವೃತ್ತಿಜೀವನದ ಆರಂಭದಲ್ಲಿರುವ ವಿದ್ವಾಂಸರಿಗೆ. ನಡುಹಂತದವರಿಗೆ ಟಾಮ್ ಓಕ್‌ಲ್ಯಾಂಡ್ ಹೆಸರಿನದು ಇದೆ, ದಶಕಗಳ ಸಂಶೋಧನೆ ಮಾಡಿದ ಹಿರಿಯರಿಗೆ ಸೀನಿಯರ್ ಸೈಂಟಿಸ್ಟ್ ಪ್ರಶಸ್ತಿ ಇದೆ, ಕ್ಷೇತ್ರವನ್ನು ಕಟ್ಟಿ ನಡೆಸಿದವರಿಗೆ ಜ್ಯಾಕ್ ಬಾರ್ಡನ್ ಹೆಸರಿನ ಸೇವಾ ಪ್ರಶಸ್ತಿ ಇದೆ. ನ್ಯಾಸ್ಪ್ ಪ್ರತಿವರ್ಷ ಸ್ಕೂಲ್ ಸೈಕಾಲಜಿಸ್ಟ್ ಆಫ್ ದಿ ಇಯರ್ ಎಂದು ಶಾಲೆಯಲ್ಲಿ ದುಡಿಯುವ ಒಬ್ಬರನ್ನು ಗೌರವಿಸುತ್ತದೆ, ಜೀವಮಾನದ ಸಾಧನೆಗೂ ಪ್ರಶಸ್ತಿ ಕೊಡುತ್ತದೆ. ರಾಜ್ಯಮಟ್ಟದ ಸಂಘಗಳು ತಮ್ಮ ತಮ್ಮ ಪ್ರಶಸ್ತಿಗಳನ್ನು ಬೇರೆಯಾಗಿ ಕೊಡುತ್ತವೆ.

ಇನ್ನು ನಾನು ಎಷ್ಟು ಸಲ ಅಳಿಸಿದರೂ ಮತ್ತೆ ಮೂಡುವ ನಂಬಿಕೆಯ ವಿಷಯ. ಪ್ರಶಸ್ತಿ ಬಂದವರು ಮಗುವಿನ ಸಮಸ್ಯೆಯನ್ನು ಉಳಿದವರಿಗಿಂತ ಚೆನ್ನಾಗಿ ಪತ್ತೆಹಚ್ಚುತ್ತಾರೆ, ಯಾರೋ ದೊಡ್ಡವರು ಕೂತು ದೇಶವನ್ನೆಲ್ಲ ಜಾಲಾಡಿ ಅತಿ ಕುಶಲರನ್ನು ಆರಿಸಿದ್ದಾರೆ, ಆದ್ದರಿಂದ ಪ್ರಶಸ್ತಿ ಎಂದರೆ ಲೈಸೆನ್ಸಿಗಿಂತ ಒಂದು ಮೆಟ್ಟಿಲು ಮೇಲಿನ ಲೈಸೆನ್ಸ್ ಎಂಬ ನಂಬಿಕೆ ಇದು. ಇದರಲ್ಲಿ ಒಂದು ಭಾಗವೂ ಸರಿಯಲ್ಲ.

ವಿಟ್ಮರ್ ಪ್ರಶಸ್ತಿಯ ಆಯ್ಕೆ ಸಮಿತಿಯ ಮುಂದೆ ಇರುವುದು ಏನೆಂದು ಯೋಚಿಸಿ. ಅಭ್ಯರ್ಥಿಯ ಪರಿಚಯ ಪತ್ರ, ಪ್ರಕಟವಾದ ಪ್ರಬಂಧಗಳು, ಬಲ್ಲವರು ಬರೆದ ಶಿಫಾರಸು ಪತ್ರಗಳು, ಇಷ್ಟೇ. ಅಲ್ಲಿ ಮಗುವಿಲ್ಲ. ಅಭ್ಯರ್ಥಿ ಎಂಟು ವರ್ಷದ ಒಬ್ಬ ಹುಡುಗನ ಎದುರು ಹೇಗೆ ಕೂರುತ್ತಾರೆ, ಅವನು ಉತ್ತರ ಕೊಡದೆ ತಲೆ ತಗ್ಗಿಸಿದಾಗ ಏನು ಮಾಡುತ್ತಾರೆ ಎಂಬುದನ್ನು ಸಮಿತಿಯ ಯಾರೂ ನೋಡಿರುವುದಿಲ್ಲ, ನೋಡುವ ಉದ್ದೇಶವೂ ಅವರಿಗಿಲ್ಲ. ಆ ಪ್ರಶಸ್ತಿ ಅಳೆಯುವುದು ಪಾಂಡಿತ್ಯವನ್ನು, ಅದನ್ನು ಅದು ಚೆನ್ನಾಗಿಯೇ ಅಳೆಯುತ್ತದೆ. ತಕ್ಕಡಿಗೆ ಹಾಕದೇ ಇದ್ದುದರ ತೂಕವನ್ನು ನಾವು ಅದರಿಂದ ಓದಹೊರಟರೆ ಅದು ತಕ್ಕಡಿಯ ತಪ್ಪಲ್ಲ.

ಹಾಗಾದರೆ ನ್ಯಾಸ್ಪ್‌ನದು ಶಾಲೆಯಲ್ಲಿ ಕೆಲಸ ಮಾಡುವವರಿಗೇ ತಾನೆ ಎಂದು ತಕ್ಷಣ ಕೇಳುತ್ತೀರಿ. ಹೌದು, ಅದು ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ. ಆದರೂ ಅದು ನಡೆಯುವುದು ನಾಮನಿರ್ದೇಶನದಿಂದ. ಯಾರಾದರೂ ಸಹೋದ್ಯೋಗಿ ಹೆಸರು ಸೂಚಿಸಬೇಕು, ಅರ್ಜಿ ತುಂಬಬೇಕು, ಪತ್ರಗಳನ್ನು ಬರೆಸಬೇಕು. ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು, ಸಂಘದ ಸಭೆಗೆ ಹೋಗಲು ಬಿಡುವಿಲ್ಲದೆ, ಯಾರಿಂದಲೂ ಪತ್ರ ಬರೆಸದ ಸಮರ್ಥರು ಆ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಯಲ್ಲಿರುವವರು ಯೋಗ್ಯರೇ, ಅದರಲ್ಲಿ ನನಗೆ ಅನುಮಾನವಿಲ್ಲ. ಪಟ್ಟಿಯಲ್ಲಿಲ್ಲದವರು ಕಡಿಮೆ ಎಂದು ಓದುವುದು ಮಾತ್ರ ಶುದ್ಧ ತಪ್ಪು.

ಇನ್ನೂ ಆಳದ ಒಂದು ಕಾರಣವಿದೆ. ಶಾಲಾ ಮನೋವಿಜ್ಞಾನಿಯ ಒಳ್ಳೆಯ ಕೆಲಸವನ್ನು ಹೊರಗೆ ತೋರಿಸಲು ಬರುವುದೇ ಇಲ್ಲ. ಮಗುವಿನ ವರದಿ ಶೈಕ್ಷಣಿಕ ದಾಖಲೆ, ವಿದ್ಯಾರ್ಥಿಗಳ ದಾಖಲೆಯನ್ನು ಗುಟ್ಟಾಗಿಡುವ 1974ರ ಫೆರ್ಪಾ ಕಾಯ್ದೆಯ ರಕ್ಷಣೆಯಲ್ಲಿರುವಂಥದು, ಅದನ್ನು ಪ್ರಶಸ್ತಿಯ ಅರ್ಜಿಗೆ ಲಗತ್ತಿಸಲಾಗದು. ಜೊತೆಗೆ ಆ ಕೆಲಸದ ಸ್ವರೂಪವನ್ನೇ ನೋಡಿ. ಪರೀಕ್ಷೆಯ ಕೋಣೆಯಲ್ಲಿ ಮಗು ಕೆಂಪು ಬಿಳಿ ಬಣ್ಣದ ಘನಗಳನ್ನು ಜೋಡಿಸಿ ಚಿತ್ರದಲ್ಲಿರುವ ವಿನ್ಯಾಸವನ್ನು ಮಾಡುತ್ತಿರುತ್ತದೆ. ಅಂಕಪಟ್ಟಿಯಲ್ಲಿ ದಾಖಲಾಗುವುದು ಸಮಯ ಮತ್ತು ಸರಿ ತಪ್ಪು. ಆದರೆ ಮಗು ಚಿತ್ರವನ್ನು ನೋಡದೆಯೇ ಕೈಹಾಕಿತೇ, ಒಂದು ಮೂಲೆಯನ್ನು ತಪ್ಪಿಸಿಕೊಂಡು ತಾನೇ ಕಂಡುಹಿಡಿದು ಸರಿಪಡಿಸಿತೇ, ಅಥವಾ ಎರಡನೆಯ ಸಲ ಕೆಟ್ಟಾಗ ಘನಗಳನ್ನು ದೂರ ತಳ್ಳಿ ಗಡಿಯಾರದತ್ತ ನೋಡಿತೇ ಎಂಬುದನ್ನು ಅಂಚಿನಲ್ಲಿ ಗೀಚಿಕೊಳ್ಳುವವರೇ ನಿಜವಾದ ಕುಶಲರು. ಆ ಗೀಚಿನಿಂದ ಹುಟ್ಟುವ ಎರಡು ವಾಕ್ಯಗಳು ಶಿಕ್ಷಕಿ ಪಾಠ ಮಾಡುವ ರೀತಿಯನ್ನು ಬದಲಾಯಿಸುತ್ತವೆ, ವರ್ಷದ ಕೊನೆಗೆ ಮಗು ಓದತೊಡಗುತ್ತದೆ, ಹೆಸರು ಶಿಕ್ಷಕಿಗೆ ಹೋಗುತ್ತದೆ. ಹಾಗೆ ಹೋಗುವುದೇ ಸರಿ ಎಂದು ಈ ವೃತ್ತಿಯವರೂ ಒಪ್ಪುತ್ತಾರೆ. ಇದಕ್ಕೆ ಪ್ರಶಸ್ತಿಯ ಅರ್ಜಿ ಬರೆಯುವುದು ಹೇಗೆ?

ಹೆಸರಿನ ಮುಂದಿನ ಅಕ್ಷರಗಳನ್ನು ಪ್ರಶಸ್ತಿ ಎಂದುಕೊಳ್ಳುವುದು ಇದೇ ನಂಬಿಕೆಯ ತಂಗಿ. ಎನ್‌ಸಿಎಸ್‌ಪಿ ಎಂಬುದು ನ್ಯಾಸ್ಪ್ ಕೊಡುವ ಅರ್ಹತಾಪತ್ರ. ನಿಗದಿತ ಓದು, 1200 ಗಂಟೆಗಳ ಇಂಟರ್ನ್‌ಶಿಪ್, ಪ್ರಾಕ್ಸಿಸ್ ಪರೀಕ್ಷೆ, ಇವೆಲ್ಲ ಮುಗಿಸಿದವರು ಅರ್ಜಿ ಹಾಕಿ ಪಡೆಯುವಂಥದು. ಫೆಲೋ ಎಂಬುದು ಸಂಘದೊಳಗಿನ ಗೌರವ. ಕೆಲಸ ಮಾಡಲು ಅಧಿಕಾರ ಕೊಡುವುದು ಇವೆರಡೂ ಅಲ್ಲ, ಆಯಾ ರಾಜ್ಯದ ಪರವಾನಗಿ. ಯಾವ ಪ್ರಶಸ್ತಿಯೂ ಪರವಾನಗಿಗೆ ಬದಲಿಯಲ್ಲ, ಪರವಾನಗಿ ಇರುವವರಿಗೆ ಪ್ರಶಸ್ತಿ ಇಲ್ಲದಿದ್ದರೆ ಅದು ಕೊರತೆಯೂ ಅಲ್ಲ.

ಹಾಗಾದರೆ ಏನು ಕೇಳಬೇಕು? ಆ ಮನೋವಿಜ್ಞಾನಿಯ ಪಾಲಿಗೆ ಎಷ್ಟು ಮಕ್ಕಳಿದ್ದಾರೆಂದು ಕೇಳಿ. 500 ವಿದ್ಯಾರ್ಥಿಗಳಿಗೆ ಒಬ್ಬರಿರಬೇಕೆಂಬುದು ನ್ಯಾಸ್ಪ್‌ನ ಶಿಫಾರಸು, ಆದರೆ ದೇಶದ ಸರಾಸರಿಯಲ್ಲಿ ಒಬ್ಬರ ಪಾಲಿಗೆ ಸಾವಿರಕ್ಕಿಂತ ಹೆಚ್ಚು ಮಕ್ಕಳು ಬೀಳುತ್ತಾರೆ. ಎಂಥ ಪ್ರಶಸ್ತಿ ವಿಜೇತರೇ ಆಗಲಿ, ಮೂರು ಶಾಲೆಗಳ ನಡುವೆ ಓಡಾಡುತ್ತಿದ್ದರೆ ನಿಮ್ಮ ಮಗುವಿಗೆ ಸಿಗುವುದು ಅವರ ದಣಿವು. ವಿಕಲಚೇತನ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಬಂದ ಕಾಯ್ದೆ ಈಗ ಐಡಿಯಾ (IDEA) ಎಂಬ ಚುಟುಕು ಹೆಸರಿನಲ್ಲಿದೆ. ನೀವು ಲಿಖಿತ ಒಪ್ಪಿಗೆ ಕೊಟ್ಟ ಮೇಲೆ 60 ದಿನಗಳೊಳಗೆ, ಅಥವಾ ನಿಮ್ಮ ರಾಜ್ಯ ಬೇರೆ ಗಡುವು ಹಾಕಿದ್ದರೆ ಅಷ್ಟರೊಳಗೆ, ಮೊದಲ ಮೌಲ್ಯಮಾಪನ ಮುಗಿಯಬೇಕೆಂದು ಅದು ಹೇಳುತ್ತದೆ. ಶಾಲೆಯ ಮೌಲ್ಯಮಾಪನ ನಿಮಗೆ ಒಪ್ಪಿಗೆಯಾಗದಿದ್ದರೆ ಸ್ವತಂತ್ರ ಮೌಲ್ಯಮಾಪನವನ್ನು ಸರ್ಕಾರಿ ಖರ್ಚಿನಲ್ಲಿಯೇ ಕೇಳುವ ಹಕ್ಕು ನಿಮಗಿದೆ. ಆಗ ಶಾಲೆ ಅದನ್ನು ಒದಗಿಸಬೇಕು, ಇಲ್ಲವೇ ತನ್ನ ಮೌಲ್ಯಮಾಪನ ಸರಿಯಾಗಿದೆಯೆಂದು ವಿಚಾರಣೆಯಲ್ಲಿ ತೋರಿಸಬೇಕು.

ಕನ್ನಡದ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಸಾಧ್ಯವಿರುವ ಮಟ್ಟಿಗೆ ಮಗುವಿನ ಸ್ವಂತ ಭಾಷೆಯಲ್ಲಿ ಪರೀಕ್ಷಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮನೆಯಲ್ಲಿ ಕನ್ನಡ, ಅಜ್ಜಿಯ ಹತ್ತಿರ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಸಂಗತಿಯನ್ನು ಎಷ್ಟೋ ತಂದೆ ತಾಯಿ, ಮಗು ಹಿಂದುಳಿದಂತೆ ಕಂಡೀತೆಂಬ ಅಂಜಿಕೆಯಿಂದ, ಫಾರ್ಮಿನಲ್ಲಿ ಬರೆಯುವುದೇ ಇಲ್ಲ. ದಯವಿಟ್ಟು ಬರೆಯಿರಿ. ಶಬ್ದಸಂಪತ್ತಿನ ಅಂಕ ಕಡಿಮೆ ಬಂದಾಗ ಅದು ಭಾಷೆಯ ಹಂಚಿಕೆಯೋ ಓದಿನ ತೊಡಕೋ ಎಂದು ಬಿಡಿಸಿ ನೋಡಲು ಮನೋವಿಜ್ಞಾನಿಗೆ ಬೇಕಾದ ಮೊದಲ ಸುಳಿವು ಅದೇ.

ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಉತ್ತರ ಇನ್ನೂ ನೇರ. ನಮ್ಮಲ್ಲಿ ಶಾಲಾ ಮನೋವಿಜ್ಞಾನಿ ಎಂಬ ಹುದ್ದೆ ಅಮೆರಿಕದಲ್ಲಿರುವಂತೆ ಬೇರೂರಿಲ್ಲ. ಶಾಲೆಗಳಲ್ಲಿ ಇರುವವರು ಹೆಚ್ಚಾಗಿ ಆಪ್ತಸಮಾಲೋಚಕರು, ಅವರ ತರಬೇತಿಯ ದಾರಿಯೇ ಬೇರೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಡೆಯುವ ಎನ್‌ಸಿಇಆರ್‌ಟಿಯ ಸಮಾಲೋಚನಾ ಡಿಪ್ಲೊಮಾ ಅಂಥ ಒಂದು ದಾರಿ. ಫ್ಲೆಕ್ಸ್ ಮೇಲೆ 'ಪ್ರಶಸ್ತಿ ವಿಜೇತ ಮಕ್ಕಳ ಮನಶ್ಶಾಸ್ತ್ರಜ್ಞರು' ಎಂದು ದಪ್ಪಕ್ಷರದಲ್ಲಿ ಕಂಡರೆ, ಪ್ರಶಸ್ತಿ ಕೊಟ್ಟವರು ಯಾರೆಂದು ಕೇಳುವ ಮುನ್ನ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಆ ಸಂಖ್ಯೆ ಇರಲೇಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ 21 ವಿಧಗಳಲ್ಲಿ ಒಂದಾಗಿ ಗುರುತಿಸಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೋ ಬರಹಗಾರರ ನೆರವೋ ಬೇಕಾದಾಗ ನೋಡುವುದು ಪ್ರಮಾಣಪತ್ರ ಕೊಟ್ಟವರಿಗೆ ಅದನ್ನು ಕೊಡುವ ಅಧಿಕಾರವಿದೆಯೇ ಎಂಬುದನ್ನು, ಅವರ ಗೋಡೆಯ ಮೇಲಿನ ಫಲಕಗಳನ್ನಲ್ಲ.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳದೆ ಬಿಡಲಾರೆ. ಮೇಲಿನ ತಪ್ಪು ನಂಬಿಕೆಗೆ ಪ್ರಶಸ್ತಿಯ ಹೆಸರೂ ಸ್ವಲ್ಪ ಕಾರಣ. ಲೈಟ್ನರ್ ವಿಟ್ಮರ್ ಎಂದರೆ 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಮೊದಲ ಮನೋವೈಜ್ಞಾನಿಕ ಕ್ಲಿನಿಕ್ ತೆರೆದವರು. ಅಂಥವರ ಹೆಸರಿನ ಪ್ರಶಸ್ತಿ ಎಂದಮೇಲೆ ಅದು ಮಕ್ಕಳನ್ನು ನೋಡುವ ಕೈಗುಣಕ್ಕೆ ಕೊಡುವಂಥದೇ ಇರಬೇಕೆಂದು ಜನ ಊಹಿಸಿಕೊಳ್ಳುತ್ತಾರೆ. ಆದರೆ ವಿಟ್ಮರ್, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪ್ರವರ್ತಕ ವಿಲ್ಹೆಲ್ಮ್ ವುಂಟ್ ಅವರಲ್ಲಿ ಕಲಿತು ಬಂದ ಪ್ರಯೋಗಾಲಯದ ಮನುಷ್ಯ. ಅವರ ತರಗತಿಯಲ್ಲಿ ಮಾರ್ಗರೆಟ್ ಮಗ್ವೈರ್ ಎಂಬ ಶಾಲಾ ಶಿಕ್ಷಕಿ ಓದುತ್ತಿದ್ದರು. ತಮ್ಮ ಶಾಲೆಯ 14 ವರ್ಷದ ಒಬ್ಬ ಹುಡುಗನಿಗೆ ಬೇರೆಲ್ಲ ಬಂದರೂ ಕಾಗುಣಿತ ಬರುತ್ತಿಲ್ಲ, ಮನೋವಿಜ್ಞಾನ ಉಪಯೋಗಕ್ಕೆ ಬರುವ ವಿದ್ಯೆಯಾದರೆ ಇವನಿಗೆ ಉಪಯೋಗವಾಗಬೇಕಲ್ಲ ಎಂಬ ನಿಲುವಿನಿಂದ ಆಕೆ ಅವನನ್ನು ಕರೆತಂದರು. ವಿಟ್ಮರ್ ಪರೀಕ್ಷಿಸಿದಾಗ ಅವನ ಕಣ್ಣಿನ ದೋಷ ಹೊರಬಿತ್ತು. ಕನ್ನಡಕ ಕೊಡಿಸಿದರು, ಆಮೇಲೆ ತಾಳ್ಮೆಯಿಂದ ಪಾಠ ಹೇಳಿಸಿದರು. ಹುಡುಗ ಓದಲು ಕಲಿತ, ಆದರೆ ಚಿಕ್ಕ ವಯಸ್ಸಿನಲ್ಲೇ ಕ್ಷಯದಿಂದ ತೀರಿಕೊಂಡ. ಆ ಪ್ರಕರಣವನ್ನು ವಿಟ್ಮರ್ 1907ರಲ್ಲಿ ಬರೆದಿಟ್ಟರು. ಶಾಲಾ ಮನೋವಿಜ್ಞಾನದವರೂ ಕ್ಲಿನಿಕಲ್ ಮನೋವಿಜ್ಞಾನದವರೂ ತಮ್ಮ ಮೂಲಪುರುಷ ಅವರೇ ಎಂದು ಹೇಳಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆ ಕಥೆಯ ನಾಯಕಿ ಶಿಕ್ಷಕಿ, ಪ್ರಶಸ್ತಿ ಮಾತ್ರ ಪ್ರೊಫೆಸರರ ಹೆಸರಿನಲ್ಲಿದೆ.

ಹಾಗಾದರೆ ಈ ಪ್ರಶಸ್ತಿಗಳ ಪಟ್ಟಿ ಯಾರಿಗೂ ಬೇಡವೇ? ಬೇಕು, ಈ ವಿಷಯವನ್ನು ಓದಲು ಅಮೆರಿಕಕ್ಕೆ ಹೊರಟಿರುವ ನಮ್ಮ ವಿದ್ಯಾರ್ಥಿಗಳಿಗೆ ಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕ್ರಾಟೋಕ್‌ವಿಲ್ ಅವರಿಗೆ 1977ರಲ್ಲಿ ವಿಟ್ಮರ್ ಪ್ರಶಸ್ತಿ ಬಂತು, 1995ರಲ್ಲಿ ಸೀನಿಯರ್ ಸೈಂಟಿಸ್ಟ್ ಪ್ರಶಸ್ತಿ ಬಂತು. ಈ ಎರಡರ ನಡುವಿನ ಅವಧಿಯ ಅವರ ಪ್ರಬಂಧಗಳನ್ನು ಓದಿದರೆ, ಒಂದೇ ಮಗುವಿನ ವರ್ತನೆಯನ್ನು ಬದಲಾವಣೆಗೆ ಮುಂಚೆ ಮತ್ತು ಆಮೇಲೆ ಪದೇ ಪದೇ ಅಳೆದು ನೋಡುವ ವಿಧಾನ ಹೇಗೆ ಗಟ್ಟಿಯಾಯಿತು, ಪೋಷಕರನ್ನೂ ಶಿಕ್ಷಕರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಪರಿಹಾರ ಹುಡುಕುವ ಪದ್ಧತಿ ಸೂಸನ್ ಶೆರಿಡನ್ ಅವರ ಜೊತೆಗೂಡಿ ಹೇಗೆ ರೂಪುಗೊಂಡಿತು ಎಂಬುದು ತಿಳಿಯುತ್ತದೆ. ಪಿಎಚ್.ಡಿ. ಮಾಡುವವರು ಇತ್ತೀಚೆಗೆ ವಿಟ್ಮರ್ ಪ್ರಶಸ್ತಿ ಪಡೆದವರ ಹೆಸರುಗಳನ್ನು ನೋಡಿ, ಅವರು ಯಾವ ವಿಶ್ವವಿದ್ಯಾಲಯದಲ್ಲಿದ್ದಾರೆ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಲಿ. ಶಾಲೆಯಲ್ಲಿ ಕೆಲಸ ಮಾಡುವ ಆಸೆಯಿಂದ ಸ್ಪೆಷಲಿಸ್ಟ್ ಪದವಿಗೆ ಹೋಗುವವರಿಗೆ ಅಷ್ಟೂ ಬೇಕಿಲ್ಲ. ಆ ಕೋರ್ಸಿಗೆ ನ್ಯಾಸ್ಪ್‌ನ ಮಾನ್ಯತೆ ಇದೆಯೇ, 1200 ಗಂಟೆಗಳ ಇಂಟರ್ನ್‌ಶಿಪ್ಪನ್ನು ಯಾವ ಶಾಲಾ ಜಿಲ್ಲೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಮಾಡಿಸುತ್ತಾರೆ ಎಂದು ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಬರೆದು ಕೇಳಿದರೆ ಸಾಕು.